ಹಾರಾಟಕ್ಕೆ ಹೆಲ್ಮೆಟ್ ಆರಿಸಿದ್ದು ಹೀಗೆ

ಮಹಾರಾಷ್ಟ್ರದ ಕಾಮ್‌ಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯುವಾಗ ಹೆಲ್ಮೆಟ್ ಅಲ್ಲಿಯವರೇ ಕೊಟ್ಟಿದ್ದರು. ಸಾಗರಕ್ಕೆ ಬಂದು, ಕೊಯ್ಲಾದ ಗದ್ದೆಯಲ್ಲಿ ವಿಂಗ್ (ನಮ್ಮನ್ನು ಹಾರಿಸುವ ಬಟ್ಟೆಯ ರೆಕ್ಕೆ) ಗಾಳಿಗೆ ಎಬ್ಬಿಸುವ ಅಭ್ಯಾಸ ಶುರು ಮಾಡುವಾಗ ಸ್ವಂತದ್ದು ಬೇಕಾಯಿತು.

"ಬೈಕಿನದ್ದು ಇದೆಯಲ್ಲ ಮಾರಾಯಾ, ಸಾಕಲ್ವಾ?" ಅಂದರು ಭಾವ.

ಸಾಕಾಗುವುದಿಲ್ಲ. ಐಎಸ್ 4151 ಗುರುತಿನ ಬೈಕ್ ಹೆಲ್ಮೆಟ್ ರಸ್ತೆಗೆ ಸರಿ. ನಾವು ವಿಂಗ್ ನೋಡಲು ಆಗಾಗ ತಲೆ ಎತ್ತಬೇಕು, ಆ ಭಾರಕ್ಕೆ ಕುತ್ತಿಗೆ ಸೋಲುತ್ತದೆ. ಕಿವಿಯೂ ಮುಚ್ಚಿಹೋಗುತ್ತದೆ. ಹಾರುವಾಗ ವೇಗ ಹೆಚ್ಚು ಕಮ್ಮಿ ಆಗಿದ್ದು ಗಾಳಿಯ ಸದ್ದಿನಲ್ಲೇ ಗೊತ್ತಾಗುತ್ತದೆ. ಅದು ಕೇಳಲೇಬೇಕು.

ಹಾಗಾಗಿ ಮೊದಲು ನೋಡಿದ್ದು ಒಳಗಿನ ಚೀಟಿಯಲ್ಲಿ 'ಇಎನ್ 966' ಇದೆಯಾ ಅಂತ. ಅದು ಹಾರಾಟದ ಹೆಲ್ಮೆಟ್‌ಗಳಿಗೇ ಇರುವ ಯುರೋಪಿನ ಮಾನದಂಡ. ಚೂಪಾದ ವಸ್ತು ಚಿಪ್ಪು ತೂರಿ ತಲೆಗೆ ತಾಗುತ್ತದಾ ಅನ್ನುವ ಪರೀಕ್ಷೆಯೂ ಅದರಲ್ಲಿದೆ. ಸೈಕಲ್ ಹೆಲ್ಮೆಟ್‌ನ ಇಎನ್ 1078ರಲ್ಲಿ ಅದಿಲ್ಲ. ಕಲ್ಲು, ಮರದ ಕೂಳೆ ತುಂಬಿರುವ ನಮ್ಮ ಗುಡ್ಡಗಳಿಗೆ ಇದು ಸಣ್ಣ ವಿಷಯವಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಅಳತೆ. ಹುಬ್ಬಿನ ಸ್ವಲ್ಪ ಮೇಲಿಂದ ದರ್ಜಿ ಟೇಪು ಸುತ್ತಿದರೆ 57 ಸೆಂ.ಮೀ. ಬಂತು. ಆದರೆ ಆ ಅಳತೆಗೆ ಒಂದು ಕಂಪನಿಯವರು ಹೇಳುವ 'ಎಂ' ಸೈಜು ಹಣೆಗೆ ಒತ್ತುತ್ತಿತ್ತು, ತಲೆಯ ಎರಡೂ ಪಕ್ಕ ಸಡಿಲ. ತಲೆಯ ಸುತ್ತಳತೆ ಒಂದೇ ಇದ್ದರೂ ಆಕಾರ ಬೇರೆ ಅಲ್ವಾ? ಇನ್ನೊಂದನ್ನು ಹಾಕಿ, ಪಟ್ಟಿ ಬಿಗಿಯದೆ ತಲೆ ಅಲ್ಲಾಡಿಸಿದೆ. ಹೆಲ್ಮೆಟ್ ಜೊತೆಗೇ ಹಣೆಯ ಚರ್ಮವೂ ಅಲ್ಲಾಡಿತು, ಅಂದರೆ ಹಿಡಿತ ಸರಿ ಇದೆ. ಆಮೇಲೆ ಗಲ್ಲದ ಪಟ್ಟಿ ಬಿಗಿದು, ಬಗ್ಗಿ, ಹಿಂದಿನಿಂದ ಮುಂದಕ್ಕೆ ಎತ್ತಿ ನೋಡಿದೆ. ಕಳಚಲಿಲ್ಲ. ಅರ್ಧ ಗಂಟೆ ಹಾಕಿಕೊಂಡೇ ಮನೆಯಲ್ಲಿ ಓಡಾಡಿದೆ, ಎಲ್ಲೂ ಚುಚ್ಚಲಿಲ್ಲ. ಅದನ್ನೇ ಇಟ್ಟುಕೊಂಡೆ.

ಮೇಲೆ ಕ್ಯಾಮೆರಾ ಕೂರಿಸುವ ಆಸೆ ಬಿಟ್ಟೆ. ಚಾಚಿಕೊಂಡ ಯಾವುದಕ್ಕೇ ಆದರೂ ವಿಂಗ್‌ನ ದಾರ ಸಿಕ್ಕಿಕೊಳ್ಳಬಹುದು.

ನಮ್ಮ ಕಡೆ ಮಳೆಗಾಲದ್ದೇ ಇನ್ನೊಂದು ಕಾಟ. ಒಳಗಿನ ಮೆತ್ತೆಗೆ ಬೂಷ್ಟು ಹಿಡಿಯುತ್ತದೆ. ಮೆತ್ತೆ ಬಿಚ್ಚಲು ಬರುವುದನ್ನೇ ತೆಗೆದುಕೊಳ್ಳಿ, ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಆರಿಸಿ. ಬಟ್ಟೆ ಒಣಗಿಸಿದ ಹಾಗೆ ಹೆಲ್ಮೆಟ್ಟನ್ನು ಬಚ್ಚಲೊಲೆ ಹತ್ತಿರ ನೇತು ಹಾಕಬೇಡಿ. ಪೆಟ್ಟು ತಡೆಯುವುದು ಒಳಗಿನ ಥರ್ಮಕೋಲಿನಂಥ ಪದರ, ಜಾಸ್ತಿ ಬಿಸಿಗೆ ಅದು ಹಾಳಾಗುತ್ತದೆ. ಜೋರು ಪೆಟ್ಟು ಬಿದ್ದರೂ ಅಷ್ಟೇ, ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರೂ ಕಾಣದಿದ್ದರೂ ಬದಲಾಯಿಸಬೇಕು.

ಗದ್ದೆಯಲ್ಲಿ ಸುಮ್ನೆ ಅಭ್ಯಾಸಕ್ಕೆ ನಿಂತರೂ ಮೊದಲು ಹೆಲ್ಮೆಟ್, ಆಮೇಲೆ ಹಾರ್ನೆಸ್ (ವಿಂಗ್‌ಗೆ ನಮ್ಮನ್ನು ಕಟ್ಟುವ ಪಟ್ಟಿಗಳ ಸೀಟು). ಗಾಳಿ ಎಳೆದುಕೊಂಡು ಹೋಗಿ ಗದ್ದೆಯಂಚಿಗೆ ಬಡಿಯಲು ಎತ್ತರವೇನೂ ಬೇಕಿಲ್ಲ.