ಭಾಗಿಸದೆಯೇ ಅವಿಭಾಜ್ಯ ಪತ್ತೆ: ಲೂಕಾ–ಲೇಮರ್ ಲೆಕ್ಕ ಮಾಡುವುದು ಹೀಗೆ

2024ರ ಅಕ್ಟೋಬರ್‌ನಲ್ಲಿ ಪತ್ತೆಯಾದ ಅವಿಭಾಜ್ಯ ಸಂಖ್ಯೆಯೊಂದರಲ್ಲಿ 4 ಕೋಟಿ 10 ಲಕ್ಷದ 24 ಸಾವಿರದ 320 ಅಂಕಿಗಳಿವೆ. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆದರೆ ಅದು ಸಿಗುತ್ತದೆ. ಈ ಬಗೆಯವಕ್ಕೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. 3, 5, 7 ಎಂದು ಭಾಗಿಸುತ್ತ ಕೂತರೆ ಏಳು ಜನ್ಮವೂ ಸಾಲದು. ಅದಕ್ಕೆ ಲೂಕಾ–ಲೇಮರ್ ಎಂಬ ಬೇರೆಯೇ ಪರೀಕ್ಷೆಯಿದೆ. ಅದರ ಪುಟ್ಟ ರೂಪವನ್ನು ಅಂಗಡಿಯ ಕ್ಯಾಲ್ಕುಲೇಟರಿನಲ್ಲೇ ಮಾಡಿ ನೋಡಬಹುದು.

ಮೊದಲು ಘಾತ, ಅಂದರೆ ಎಷ್ಟು ಎರಡುಗಳನ್ನು ಗುಣಿಸಬೇಕೆಂಬ ಸಂಖ್ಯೆ, ಆರಿಸಿ. ಅದೂ ಬೆಸ ಅವಿಭಾಜ್ಯವೇ ಆಗಿರಬೇಕು. 9 ಆರಿಸಿದರೆ 511 ಬರುತ್ತದೆ, ಅದು 7×73. ಅಂಥದ್ದಕ್ಕೆ ಪರೀಕ್ಷೆಯೇ ದಂಡ. ನಾವು 7 ಇಟ್ಟುಕೊಳ್ಳೋಣ: 128ರಲ್ಲಿ 1 ಹೋಗಿ 127.

4ರಿಂದ ಶುರು ಮಾಡಿ. ಪ್ರತಿ ಸುತ್ತಿನಲ್ಲೂ ಕೈಯಲ್ಲಿರುವ ಸಂಖ್ಯೆಯ ವರ್ಗದಿಂದ 2 ಕಳೆದು, 127ರಿಂದ ಭಾಗಿಸಿದರೆ ಬರುವ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸುತ್ತು, ಅಂದರೆ ಐದು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲವಾದರೆ ಅಲ್ಲ.

ಶೇಷ ತೆಗೆಯಲು ಒಂದು ಒಳದಾರಿಯಿದೆ. 127ರ ಬದಲು 128ರಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಕೂಡಿಸಿ. ಪ್ರತಿ 128ರಲ್ಲೂ 127 ಹೋಗಿ 1 ಉಳಿಯುವುದರಿಂದ ಉತ್ತರ ಒಂದೇ. ಕಂಪ್ಯೂಟರಿಗಂತೂ ಇದು ಬಿಟ್‌ಗಳ ಸಾಲನ್ನು ಎರಡು ತುಂಡು ಮಾಡಿ ಕೂಡಿಸುವಷ್ಟು ಸಲೀಸು.

1: 16−2 = 14
2: 196−2 = 194; 1+66 = 67
3: 4489−2 = 4487; 35+7 = 42
4: 1764−2 = 1762; 13+98 = 111
5: 12321−2 = 12319; 96+31 = 127

ಎಡವುವುದು ಇಲ್ಲೇ. ಕೊನೆಗೆ ಬಂದ 127 ಎಂದರೆ ಸೊನ್ನೆಯೇ. ಅದನ್ನು ಶೇಷವೆಂದು ಬಗೆದರೆ ಉತ್ತರ ತಲೆಕೆಳಗು. ಕೂಡಿಸಿದ್ದು 127ಕ್ಕಿಂತ ಹೆಚ್ಚಾದರೂ 127 ಕಳೆಯಲೇಬೇಕು.

ಇನ್ನು ಘಾತ 11, ಸಂಖ್ಯೆ 2047. ಒಂಬತ್ತು ಸುತ್ತಿನ ಶೇಷಗಳು: 14, 194, 788, 701, 119, 1877, 240, 282, 1736. ಸೊನ್ನೆಯಿಲ್ಲ, ಹಾಗಾಗಿ ಅವಿಭಾಜ್ಯವಲ್ಲ. ನಡುವೆ ಒಂದು ಅಂಕಿ ತಪ್ಪಿದರೆ ಮುಂದಿನದ್ದೆಲ್ಲ ಕೆಟ್ಟಂತೆಯೇ.

12 ಅಂಕಿಯ ಕ್ಯಾಲ್ಕುಲೇಟರ್ ಘಾತ 19ರವರೆಗೆ ಸಾಕು. 31ಕ್ಕೆ ಹೋದರೆ ವರ್ಗದಲ್ಲಿ 19 ಅಂಕಿ ಬರಬಹುದು. 15 ಅಂಕಿಯಷ್ಟೇ ಹಿಡಿಯುವ ಎಕ್ಸೆಲ್ ಮಿಕ್ಕದ್ದನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. ಪೈಥಾನ್‌ನ ಪೂರ್ಣಾಂಕಗಳಿಗೆ ಆ ಮಿತಿಯಿಲ್ಲ.

ಈ ಪರೀಕ್ಷೆ ಅಪವರ್ತನ ಹೇಳುವುದಿಲ್ಲ. ಅದನ್ನು ಹುಡುಕುವಾಗ ಕಂಡಕಂಡದ್ದರಿಂದ ಭಾಗಿಸಬೇಡಿ. ಘಾತದ ಎರಡರಷ್ಟರ ಗುಣಕಗಳಿಗೆ 1 ಕೂಡಿಸಿದವು ಮಾತ್ರ ಸಾಕು. 11ಕ್ಕಾದರೆ 22+1 = 23, ಮೊದಲ ಏಟಿಗೇ ಸಿಕ್ಕಿತು: 2047 = 23×89. ಘಾತ 67ರದ್ದು ಅವಿಭಾಜ್ಯವಲ್ಲವೆಂದು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾ 1876ರಲ್ಲೇ ತೋರಿಸಿದ್ದರು. ಅಪವರ್ತನಗಳನ್ನು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಕೊಟ್ಟದ್ದು 1903ರಲ್ಲಿ: 193707721 × 761838257287. ಮೊದಲನೆಯದರಲ್ಲಿ 1 ಕಳೆದು, 67ರ ಎರಡರಷ್ಟಾದ 134ರಿಂದ ಭಾಗಿಸಿ ನೋಡಿ: 1445580, ಶೇಷವಿಲ್ಲ.