ಆಟೋ ಟೆಸ್ಟ್ ಬಟನ್ ಒತ್ತುವ ಮೊದಲು

ಉಡುಪಿಯಲ್ಲಿ ಮಳೆಗಾಲ ಶುರುವಾದರೆ ನನ್ನ ಕ್ಲಿನಿಕ್‌ಗೆ "ಡಾಕ್ಟ್ರೇ, ಮೆಷಿನಿನಲ್ಲಿ ಎಂತದೂ ಕೇಳುವುದಿಲ್ಲ ಮಾರಾಯ್ರೆ" ಎಂದು ಬರುವವರು ಜಾಸ್ತಿ. ತೇವ, ಬೆವರು, ಕಿವಿಯ ಗುಗ್ಗೆ, ಎಲ್ಲ ಸೇರಿರುತ್ತದೆ. ಆಗ ನಾನು ಮೊದಲು ಹಿಯರಿಂಗ್ ಏಡನ್ನು, ಸದ್ದು ಕೊಟ್ಟು ಅದರ ಕೆಲಸ ಅಳೆಯುವ ಟೆಸ್ಟ್ ಬಾಕ್ಸ್‌ಗೆ ಹಾಕುತ್ತೇನೆ. ಆಟೋ ಟೆಸ್ಟ್ ಒತ್ತಿದರೆ ಹಿಯರಿಂಗ್ ಏಡ್ ಅಳೆಯುವ ಅಮೆರಿಕದ ಆನ್ಸಿ ಎಸ್ 3.22 ಮಾನದಂಡದ ಪರೀಕ್ಷೆಗಳು ಸಾಲಾಗಿ ಓಡುತ್ತವೆ, ಹಾಳೆ ಕೈಗೆ ಬರುತ್ತದೆ. ಆದರೆ ಆ ಹಾಳೆ ಹೇಳುವುದು ಇಷ್ಟೇ: ಮೆಷಿನ್ ಕಂಪನಿಯಿಂದ ಹೊರಟಾಗ ಇದ್ದ ಹಾಗೇ ಇದೆಯಾ, ಇಲ್ಲವಾ. ಮನೆಯಲ್ಲಿ ಮೊಮ್ಮಗಳ ಮಾತು ಕೇಳುತ್ತದಾ ಅಂತ ಅದನ್ನು ಕೇಳಬಾರದು.

ಬಟನ್ ಒತ್ತುವ ಮುಂಚಿನ ಕೆಲಸವೇ ಹೆಚ್ಚು. ರೋಗಿಯ ಸೆಟ್ಟಿಂಗ್ ಸೇವ್ ಮಾಡಿಕೊಂಡು, ಫಿಟ್ಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೆಷಿನನ್ನು ಟೆಸ್ಟ್ ಮೋಡ್‌ಗೆ ತರುತ್ತೇನೆ. ಬಾಕ್ಸ್ ಕಳಿಸುವುದು ಒಂದೇ ಸಮನೆ ಬರುವ ಟೋನ್. ಡಿಜಿಟಲ್ ಮೆಷಿನ್ ಅದನ್ನು ಫೀಡ್‌ಬ್ಯಾಕ್‌ನ ಕುಂಯ್ ಸದ್ದು ಅಂದುಕೊಳ್ಳುತ್ತದೆ, ಇಲ್ಲವೇ ಫ್ಯಾನಿನ ಗದ್ದಲ ಅಂದುಕೊಂಡು ತಗ್ಗಿಸಿಬಿಡುತ್ತದೆ. ಏನೂ ಕೆಡದ ಮೆಷಿನ್‌ಗೂ ಆಗ ಗೇನ್ (ಸದ್ದನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ) ಕಮ್ಮಿ ಅಂತ ಬರುತ್ತದೆ. ಫೀಡ್‌ಬ್ಯಾಕ್ ಕಂಟ್ರೋಲ್, ನಾಯ್ಸ್ ರಿಡಕ್ಷನ್ ಎರಡೂ ಆಫ್ ಇರಲೇಬೇಕು. ಕಿವಿಯೊಳಗೆ ಕೂರುವ ಮೆಷಿನ್ ಆದರೆ ಕಿವಿಯ ಜಾಗದಲ್ಲಿ ಬಳಸುವ ಪುಟ್ಟ ಗೂಡು, ಅಂದರೆ ಕಪ್ಲರ್‌ಗೆ ಪುಟ್ಟಿ ಒತ್ತಿ ಹಚ್ಚಬೇಕು, ಗಾಳಿಯಾಡಲು ಇರುವ ವೆಂಟ್ ತೂತೂ ಮುಚ್ಚಬೇಕು. ಸ್ವಲ್ಪ ಸೋರಿದರೂ ತಗ್ಗು ಫ್ರೀಕ್ವೆನ್ಸಿಯಲ್ಲಿ ಗ್ರಾಫಿನ ಗೆರೆ ಕುಸಿಯುತ್ತದೆ. ಹೊರಗೆ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆದಾಗ ನಾಯ್ಸ್ (ಮೆಷಿನಿನ ಸ್ವಂತ ಸದ್ದು) ಅಳತೆ ನಡೆಯುತ್ತಿದ್ದರೆ ಆ ಅಂಕಿಯನ್ನು ನಂಬುವುದೇ ಬೇಡ, ಇನ್ನೊಮ್ಮೆ ಓಡಿಸಿ. ನಮ್ಮ ರಸ್ತೆಯಲ್ಲಿ ಇದು ಮಾಮೂಲು.

ಟೆಸ್ಟ್ ನಡುವೆ ಒಂದು ಕಡೆ ನಿಲ್ಲುತ್ತದೆ, ಗೇನ್ ಇಳಿಸಿ ಅನ್ನುತ್ತದೆ. ಅವಸರದಲ್ಲಿ ಕೆಲವರು ಹಾಗೇ ಮುಂದಕ್ಕೆ ಒತ್ತಿಬಿಡುತ್ತಾರೆ. 90 ಡೆಸಿಬೆಲ್ (ಡಿಬಿ) ಸದ್ದು ಕೊಟ್ಟಾಗ 1000, 1600, 2500 ಹರ್ಟ್ಸ್‌ನಲ್ಲಿ ಬಂದ ಔಟ್‌ಪುಟ್‌ನ ಸರಾಸರಿಯಿಂದ 77 ಕಳೆದರೆ ಬರುವುದೇ ಅಲ್ಲಿ ಬೇಕಾದ ಗೇನ್. 77 ಎಲ್ಲಿಂದ ಬಂತು? ಮಾತಿನ ಸರಾಸರಿ ಮಟ್ಟ 65, ಅದರ ಏರು ಇನ್ನೊಂದು 12. ಅಷ್ಟು ಜೋರಿನ ಮಾತು ಒಳಗೆ ಹೋದರೂ ಮೆಷಿನ್ ತನ್ನ ಮಿತಿ ಮುಟ್ಟಿ ಸದ್ದು ಒಡೆಯಬಾರದು ಅಂತ ಲೆಕ್ಕ. ಡಿಸ್ಟಾರ್ಷನ್ (ಸದ್ದು ಒಡೆಯುವುದು), ನಾಯ್ಸ್ ಎರಡನ್ನೂ ಈ ಗೇನ್‌ನಲ್ಲೇ ಅಳೆಯುತ್ತದೆ. ಇಲ್ಲಿ ಗೇನ್ ಇಳಿಸದೆ ಮುಂದೆ ಹೋದರೆ ಆಮೇಲಿನ ಅಂಕಿಗಳಿಗೆ ಅರ್ಥವಿಲ್ಲ.

ಹಾಳೆ ಬಂದ ಮೇಲೆ ಪಾಸ್, ಫೇಲ್ ಅನ್ನುವುದನ್ನು ನಾನು ಕೊನೆಗೆ ನೋಡುತ್ತೇನೆ. ಗರಿಷ್ಠ ಔಟ್‌ಪುಟ್ (90 ಡಿಬಿ ಸದ್ದಿಗೆ ಬಂದದ್ದು) ಮತ್ತು ಫುಲ್ ಗೇನ್ (ಮೆಲು ಸದ್ದಿಗೆ ಪೂರ್ತಿ ಜೋರಿನಲ್ಲಿ ಸಿಗುವ ಏರಿಕೆ) ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೊಂದರೆ ಎಲ್ಲಿದೆ ಅಂತ ಸುಮಾರಾಗಿ ಗೊತ್ತಾಗುತ್ತದೆ. ಮಲ್ಪೆಯ ಅಜ್ಜ ಒಬ್ಬರ ಮೆಷಿನ್ ಹೀಗೇ ಬಂದಿತ್ತು. ಔಟ್‌ಪುಟ್ ಕಂಪನಿಯ ಸ್ಪೆಕ್ ಶೀಟಿಗೆ ಸರಿಯಾಗಿತ್ತು, ಗೇನ್ ಮಾತ್ರ 15 ಡಿಬಿ ಕಮ್ಮಿ. ರಿಸೀವರ್ (ಕಿವಿಗೆ ಸದ್ದು ಬಿಡುವ ಪುಟ್ಟ ಸ್ಪೀಕರ್) ಕಡೆ ಗುಗ್ಗೆ ಕಟ್ಟಿದ್ದರೆ ಎರಡೂ ಬೀಳಬೇಕಿತ್ತು. ಮೈಕ್ ಅರ್ಧ ಮುಚ್ಚಿದ್ದರೂ 90 ಡಿಬಿ ಸದ್ದಿಗೆ ಮೆಷಿನ್ ತನ್ನ ಮಿತಿ ಮುಟ್ಟಿಯೇ ಬಿಡುತ್ತದೆ, ಹಾಗಾಗಿ ಔಟ್‌ಪುಟ್ ಚೆನ್ನಾಗಿಯೇ ಕಾಣುತ್ತದೆ. ಲೆನ್ಸ್ ಹಿಡಿದು ನೋಡಿದರೆ ಮೈಕ್ ತೂತಿನಲ್ಲಿ ಬಿಳಿ ಪೌಡರ್, ಬೆವರಿಗೆ ಅಂಟಿ ಗಟ್ಟಿಯಾಗಿತ್ತು. ಮೆಷಿನನ್ನು ಬೋರಲು ಹಿಡಿದು ಒಣ ಬ್ರಶ್‌ನಿಂದ ತೆಗೆದು ಮತ್ತೆ ಓಡಿಸಿದೆ. ಗೇನ್ ವಾಪಸ್ ಬಂತು. "ಹೊಸತು ತೆಗೆಯಬೇಕಾ?" ಅಂತ ಮಗ ಆಗಲೇ ದುಡ್ಡಿನ ಲೆಕ್ಕ ಹಾಕುತ್ತಿದ್ದ.

ರಿಪೇರಿ ಆಗಲಿ, ಬಿಡಲಿ, ಸೇವ್ ಮಾಡಿದ ಸೆಟ್ಟಿಂಗನ್ನು ವಾಪಸ್ ಹಾಕದೆ ಮೆಷಿನ್ ಕೊಡುವುದಿಲ್ಲ. ಟೆಸ್ಟ್ ಮೋಡ್‌ನಲ್ಲಿ ಅದು ಫುಲ್ ಜೋರಿನಲ್ಲಿರುತ್ತದೆ, ಕಿವಿಗೆ ಹಾಕಿದರೆ ಅಪಾಯ. ವಾಪಸ್ ಹಾಕಿದ ಮೇಲೆ ಐಎಸ್‌ಟಿಎಸ್ ಎಂಬ ಮಾತಿನಂಥ ಪರೀಕ್ಷಾ ಸಿಗ್ನಲ್ 65 ಡಿಬಿಯಲ್ಲಿ ಕೊಟ್ಟು ಇನ್ನೊಂದು ಗೆರೆ ತೆಗೆಯುತ್ತೇನೆ. ಆರು ಭಾಷೆಯ ಹೆಂಗಸರ ಮಾತನ್ನು ಚೂರು ಚೂರು ಮಾಡಿ ಜೋಡಿಸಿದ್ದು ಅದು. ಮಾತಿನ ಲಯ ಇರುವುದರಿಂದ ನಾಯ್ಸ್ ರಿಡಕ್ಷನ್ ಆನ್ ಇದ್ದರೂ ಮೆಷಿನ್ ಅದನ್ನು ಮಾತು ಅಂತಲೇ ತಗೊಳ್ಳುತ್ತದೆ. ಎರಡು ಹಾಳೆಯೂ ತಾರೀಕು ಬರೆದು ಫೈಲಿಗೆ ಹೋಗುತ್ತವೆ. ಮುಂದಿನ ಸಲ ಅವರು ಬಂದಾಗ ಸ್ಪೆಕ್ ಶೀಟ್‌ಗಿಂತ ಮೊದಲು ಅದನ್ನೇ ತೆಗೆಯುತ್ತೇನೆ.