ಎಲ್ಲ ದಾರಿಯೂ ನೀರಿಗೇ ಇಳಿಯುತ್ತದೆ: ಮೊರ್ವಾಂ ಕಾಡಿನಲ್ಲಿ ಸೈಕಲ್ ತುಳಿದದ್ದು

ಹಾಳೆಯ ಮೇಲೆ ಮೊದಲ ದಿನದ ಲೆಕ್ಕ 42 ಕಿ.ಮೀ. ಇತ್ತು. ಪ್ಯಾರಿಸ್ಸಿನಲ್ಲಿ ಸೇನ್ ನದಿಯ ದಂಡೆಯಲ್ಲಿ ಅಷ್ಟನ್ನು ಭಾನುವಾರ ತಿಂಡಿಗೆ ಮುಂಚೆ ಮುಗಿಸಿ ಬರುತ್ತೇನೆ. ಮೊರ್ವಾಂನಲ್ಲಿ ಅದಕ್ಕೆ ಏಳೂವರೆ ಗಂಟೆ ಹಿಡಿಯಿತು. ಕೊನೆಯ ಮೂರು ಕಿಲೋಮೀಟರಿನಲ್ಲಿ ಸೈಕಲ್ ನನ್ನನ್ನು ಹೊತ್ತಿತೋ ನಾನು ಸೈಕಲನ್ನು ಹೊತ್ತೆನೋ ಖಚಿತವಾಗಿ ಹೇಳಲಾರೆ.

ಮೊರ್ವಾಂ ಅಂದರೆ ಫ್ರಾನ್ಸಿನ ಬರ್ಗಂಡಿ ಸೀಮೆಯ ನಡುವೆ ಎದ್ದು ನಿಂತ ಗ್ರಾನೈಟ್ ಗುಡ್ಡಗಳ ಕಾಡು. ಸುತ್ತ ದ್ರಾಕ್ಷಿ ತೋಟ, ಗೋಧಿ ಹೊಲ. ಒಳಗೆ ಬರೀ ಮರ, ಹೊಳೆ, ಬಿಳಿ ದನ. ಅತಿ ಎತ್ತರದ ಓ-ಫೋಲಾಂ ಗುಡ್ಡವೇ 901 ಮೀಟರ್. ಮಲೆನಾಡಿನವನಾದ ನನಗೆ ಅದನ್ನು ನೋಡಿ ನಗು ಬಂದಿತ್ತು. ‘ಇದೆಂಥಾ ಬೆಟ್ಟ’ ಅಂದುಕೊಂಡೇ ಟಿಕೆಟ್ ಮಾಡಿಸಿದ್ದು. ಜೊತೆಗೆ ಲಿಯೋನಿನಲ್ಲಿರುವ ನಮ್ಮ ಭಾವ, ಅಕ್ಕನ ಗಂಡ. ಅವರಿಗೆ ಐವತ್ತೆರಡು, ನನಗೆ ಮೂವತ್ತೊಂಬತ್ತು. ಇಬ್ಬರಲ್ಲಿ ಯಾರು ಹಿಂದೆ ಬಿದ್ದದ್ದು ಅಂತ ಬರೆಯಬೇಕಾಗಿಲ್ಲ.

ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಅವಲೋಂಗೆ ರೈಲು, ಸೈಕಲ್ ಸಮೇತ. ಅಲ್ಲಿಂದ ಕಾಡಿನ ದಾರಿಯಲ್ಲಿ ಓತಂ ಊರಿನವರೆಗೆ ತುಳಿಯುವ ಯೋಜನೆ. ಅವಲೋಂ ಊರು ಕೋಟೆಗೋಡೆಯ ಮೇಲೆ ಕೂತಿದೆ, ಕೆಳಗೆ ಕುಝಾಂ ಹೊಳೆ. ಪೇಟೆಯಿಂದ ಹೊಳೆಗೆ ಇಳಿಯುವುದರಲ್ಲೇ ಮೊದಲ ಪಾಠ ಇತ್ತು, ನಾನು ಗಮನಿಸಲಿಲ್ಲ. ಇಳಿದೆವು, ದಾಟಿದೆವು, ಹತ್ತಿದೆವು. ಅರ್ಧ ಗಂಟೆಯಲ್ಲಿ ಮತ್ತೆ ಒಂದು ತೊರೆ: ಇಳಿ, ದಾಟು, ಹತ್ತು. ಸಂಜೆಯ ಹೊತ್ತಿಗೆ ಸೈಕಲಿನ ಮೀಟರು ತೋರಿಸಿದ ಒಟ್ಟು ಏರು 1,150 ಮೀಟರ್. ಯಾವ ಏರೂ ನೂರೈವತ್ತು ಮೀಟರ್ ದಾಟಿರಲಿಲ್ಲ. ಒಂದೇ ದೊಡ್ಡ ಘಾಟಿ ಹತ್ತಿದರೆ ಕಾಲಿಗೆ ಒಂದು ಲಯ ಸಿಗುತ್ತದೆ. ಇಲ್ಲಿ ಲಯ ಹತ್ತುವಷ್ಟರಲ್ಲಿ ದಾರಿ ಮತ್ತೆ ನೀರಿಗೆ ಧುಮುಕುತ್ತದೆ.

ಹೀಗ್ಯಾಕೆ ಅಂತ ರಾತ್ರಿ ಭಾವ ಬಿಡಿಸಿ ಹೇಳಿದರು. “ಈ ದಾರಿ ಇರೋದು ಸೈಕಲ್ಲಿಗಲ್ಲ ಮಾರಾಯ, ಸೌದೆಗೆ.” 16ನೇ ಶತಮಾನದಿಂದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಪ್ಯಾರಿಸ್ಸಿನ ಒಲೆಗಳಿಗೆ ಸೌದೆ ಹೋದದ್ದು ಇಲ್ಲಿಂದ. ಕಡಿದ ಕೊರಡುಗಳ ತಲೆಗೆ ಸುತ್ತಿಗೆಯಿಂದ ಒಡೆಯನ ಗುರುತು ಒತ್ತಿ ತೊರೆಗೆ ನೂಕುತ್ತಿದ್ದರು. ಮೇಲಿನ ಕೆರೆಗಳ ತೂಬು ಎತ್ತಿದರೆ ನೀರು ಅವನ್ನೆಲ್ಲ ಹೊತ್ತು ಕ್ಯೂರ್ ನದಿಗೆ, ಯೋನ್ ನದಿಗೆ ತರುತ್ತಿತ್ತು. ಯೋನ್ ದಂಡೆಯ ಕ್ಲಾಮ್ಸಿಯಲ್ಲಿ ಗುರುತು ನೋಡಿ ಬೇರ್ಪಡಿಸಿ, ಉದ್ದುದ್ದ ತೆಪ್ಪ ಕಟ್ಟಿ, ಸೇನ್ ಮೂಲಕ ರಾಜಧಾನಿಗೆ. ಕಾಡಿನಿಂದ ಮರ ಹೋಗಬೇಕಾದದ್ದು ನೀರಿಗೆ ಅಂದಮೇಲೆ ದಾರಿಗಳೂ ನೀರಿಗೇ ಇಳಿಯಬೇಕಲ್ಲ. ಮರಕ್ಕೆ ವಾಪಸು ಹತ್ತುವ ಕರ್ಮ ಇರಲಿಲ್ಲ, ನಮಗಿದೆ.

ಅಲ್ಲಿಂದ ಮುಂದೆ ನಾನು ಕಿಲೋಮೀಟರ್ ಎಣಿಸುವುದನ್ನು ಬಿಟ್ಟು ನಕ್ಷೆಯಲ್ಲಿ ನೀಲಿ ಗೆರೆ ಎಷ್ಟು ಸಲ ದಾಟುತ್ತೇವೆ ಅಂತ ಎಣಿಸಿದೆ. ಒಂದು ದಾಟಿಗೆ ಮುಕ್ಕಾಲು ಗಂಟೆ. ನನ್ನ ಕಾಲಿಗೆ ಈ ಲೆಕ್ಕ ಹೆಚ್ಚುಕಮ್ಮಿ ಸರಿಹೋಯಿತು.

ದಾರಿಯ ಗುರುತು ಸುಲಭ: ಒಂದು ತ್ರಿಕೋನ, ಅದರ ಹಿಂದೆ ಎರಡು ವೃತ್ತ, ಜೊತೆಗೆ ದಾರಿಯ ಸಂಖ್ಯೆ. ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟ ಏರುತ್ತಾ ಹೋಗುತ್ತದೆ. ನಾವು ಹಿಡಿದದ್ದು ಹೆಚ್ಚಾಗಿ ಕೆಂಪು. ಆದರೆ ಬಣ್ಣ ಹೇಳದ ಸಂಗತಿ ಒಂದಿದೆ. ಎರಡನೇ ಮಹಾಯುದ್ಧದ ನಂತರ ಇಲ್ಲಿನ ಬೀಚ್, ಓಕ್ ಕಾಡನ್ನು ಬೋಳಿಸಿ ಡಗ್ಲಸ್ ಎಂಬ ಸೂಚಿಪರ್ಣಿ ಮರ ಸಾಲುಸಾಲಾಗಿ ನೆಟ್ಟಿದ್ದಾರೆ. ನಮ್ಮ ಕಡೆಯ ಅಕೇಶಿಯಾ ಪ್ಲಾಂಟೇಶನ್ ನೋಡಿದವರಿಗೆ ಬೇರೆ ವಿವರಣೆ ಬೇಡ. ಒಳಗೆ ಅದೇ ಕತ್ತಲು, ಅದೇ ಹಕ್ಕಿಯಿಲ್ಲದ ಮೌನ. ಕಟಾವಿಗೆ ಬಂದ ಕಡೆ ದೈತ್ಯ ಯಂತ್ರ ಓಡಾಡಿ ದಾರಿಯಲ್ಲಿ ಮೊಣಕಾಲುದ್ದ ಕೊರಕಲು ಬಿದ್ದಿರುತ್ತದೆ, ಅಕ್ಟೋಬರಿನಲ್ಲಿ ಅದರ ತುಂಬ ಕೆಸರು. ನಕ್ಷೆಯಲ್ಲಿ ಚೆಂದದ ಗೆರೆ, ನೆಲದಲ್ಲಿ ಕೋಣನ ಹೊಂಡ. ಈ ನೆಡುತೋಪು ಕಂಡರಾಗದ ಒಂದಷ್ಟು ಜನ 2003ರಿಂದ ಷೇರು ಕೂಡಿಸಿ, ಉಳಿದ ಎಲೆಮರದ ಕಾಡನ್ನು ತುಂಡುತುಂಡಾಗಿ ಕೊಂಡು ಕಾಯುತ್ತಿದ್ದಾರೆ. ಬೀಚ್ ಕಾಡಿನೊಳಗೆ ಹೊಕ್ಕ ತಕ್ಷಣ ಅವರ ಹಟ ಅರ್ಥವಾಗುತ್ತದೆ. ಬೆಳಕು ಬೇರೆ, ನೆಲ ಬೇರೆ, ಚಕ್ರದ ಸದ್ದೇ ಬೇರೆ.

ಸೈಕಲಿನ ವಿಚಾರಕ್ಕೆ ಬಂದರೆ, ನನ್ನದು ಹಿಂದೆ ಸಸ್ಪೆನ್ಷನ್ ಇಲ್ಲದ್ದು, 2.4 ಇಂಚಿನ ಟ್ಯೂಬ್‌ಲೆಸ್ ಟಯರು. ಗಾಳಿ ಮುಂದೆ 22, ಹಿಂದೆ 25 ಪಿಎಸ್ಐ. ಹಸಿ ಬೇರಿನ ಮೇಲೆ ಇದಕ್ಕಿಂತ ಹೆಚ್ಚು ಗಾಳಿ ಇದ್ದರೆ ಚಕ್ರ ಸಾಬೂನಿನ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಬ್ರೇಕಿನಲ್ಲಿ ಮಾತ್ರ ತಪ್ಪಿದೆ. ಇಲ್ಲಿ ಗ್ರಾನೈಟು ಉದುರಿ ಹರಳು ಮರಳಾಗಿರುತ್ತದೆ. ಮಳೆನೀರಿನ ಜೊತೆ ಸೇರಿದರೆ ಅದು ಸಾಣೆಪುಡಿಯೇ. ಹೊಸದಾಗಿ ಹಾಕಿಸಿದ್ದ ರೆಸಿನ್ (ರಾಳದ) ಬ್ರೇಕ್ ಪ್ಯಾಡು ಎರಡನೇ ದಿನ ಮಧ್ಯಾಹ್ನಕ್ಕೆ ನೋಡಿದರೆ ಉಗುರಿನಷ್ಟು ತೆಳ್ಳಗೆ. ಭಾವನದ್ದು ಲೋಹದ ಪ್ಯಾಡು, ಕಿರ್ರೋ ಅಂತ ಕಿರುಚುತ್ತಿತ್ತು, ಆದರೆ ಸವೆದಿರಲಿಲ್ಲ.

ಕುಡಿಯುವ ನೀರು ಸ್ಮಶಾನದಲ್ಲಿ! ಹಳ್ಳಿಗಳಲ್ಲಿ ಅಂಗಡಿ ಇರುವುದಿಲ್ಲ, ಇದ್ದರೂ ಬಾಗಿಲು ಹಾಕಿರುತ್ತದೆ. ಸಮಾಧಿಯ ಹೂಗಿಡಕ್ಕೆ ಅಂತ ಸ್ಮಶಾನದಲ್ಲಿ ನಲ್ಲಿ ಇರುತ್ತದೆ, ಫ್ರೆಂಚ್ ಸವಾರರೆಲ್ಲ ಬಾಟಲಿ ತುಂಬಿಕೊಳ್ಳುವುದು ಅಲ್ಲೇ. ‘ಕುಡಿಯಲು ಯೋಗ್ಯವಲ್ಲ’ ಅಂತ ಬರೆದಿಲ್ಲವಷ್ಟೇ ನೋಡಿಕೊಳ್ಳಬೇಕು. ಮೊದಲ ಸಲ ನನಗೆ ಮೈ ಜುಮ್ಮೆಂದಿತು. ಅಮ್ಮನಿಗೆ ಫೋನಿನಲ್ಲಿ ಹೇಳಲೂ ಇಲ್ಲ.

ಎರಡನೇ ದಿನ ಶನಿವಾರ. ಕಾರೆ-ಲೆ-ತೋಂಬ್‌ನಿಂದ ಹೊರಟು ಒಂದು ಗಂಟೆಗೆ ದಾರಿಬದಿಯಲ್ಲಿ ‘ಬೇಟೆ ನಡೆಯುತ್ತಿದೆ’ ಎಂಬ ಫಲಕ. ಶರತ್ಕಾಲದಿಂದ ಫೆಬ್ರವರಿಯವರೆಗೆ ಇಲ್ಲಿ ನಾಯಿ ಬಿಟ್ಟು ಹಂದಿ ಸೋವುತ್ತಾರೆ, ಕೋವಿಯವರು ದಾರಿಯುದ್ದಕ್ಕೂ ನಿಂತಿರುತ್ತಾರೆ. ನಮ್ಮಜ್ಜನ ಕಾಲದ ಕಥೆಗಳಲ್ಲಿ ಕೇಳಿದ ಬಿಲ್ಲಿನ, ಅಂದರೆ ಕೋವಿಯವರು ಕಾದು ನಿಲ್ಲುವ ಜಾಗದ, ಹಾಗೆಯೇ. ಫಲಕ ಕಂಡ ಮೇಲೆ ಒಳಗೆ ನುಗ್ಗಬಾರದು. ಕಿತ್ತಳೆ ಜಾಕೀಟು ಹಾಕಿ ನಿಂತು, “ಬೊಂಝೂರ್” ಅಂತ ಜೋರಾಗಿ ಕೂಗಿದೆವು. ಒಬ್ಬ ಹಿರಿಯರು ಕೋವಿ ಮಡಚಿ ಹತ್ತಿರ ಬಂದು, ಇಪ್ಪತ್ತು ನಿಮಿಷ ಕಾಯಿರಿ, ಇಲ್ಲವೇ ಕೆಳಗಿನ ಡಾಂಬರು ರಸ್ತೆ ಹಿಡಿಯಿರಿ ಅಂದರು. ಕಾದೆವು. ಕೂತಲ್ಲೇ ಭಾವ ಕಾಲಿನ ಉಣುಗು ಹುಡುಕತೊಡಗಿದರು. ಊರಲ್ಲಿ ಉಣುಗು ಅಂದರೆ ಮಂಗನ ಕಾಯಿಲೆಯ ಭಯ, ಇಲ್ಲಿ ಲೈಮ್ ಕಾಯಿಲೆಯದು. ಮಂಡಿಯ ಹಿಂದೆ ಒಂದು ಸಿಕ್ಕಿತು.

ಅನಾಹುತ ಆದದ್ದು ಗುಲೂ ಜಲಪಾತ ನೋಡಿಕೊಂಡು ಮೇಲೆ ಬರುವಾಗ. ಎಲೆಯಡಿ ಮುಚ್ಚಿದ್ದ ಹೆಬ್ಬೆರಳು ಗಾತ್ರದ ಕಡ್ಡಿ ಹಿಂಚಕ್ರದ ಸ್ಪೋಕುಗಳಿಗೆ ಸಿಕ್ಕಿ, ಗೇರು ಬದಲಿಸುವ ಡಿರೇಲರನ್ನು ಎಳೆದುಕೊಂಡು ಸುತ್ತಿತು. ‘ಟಣ್’ ಅಂದದ್ದಷ್ಟೇ. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎರಡು ತುಂಡು. ಅದು ಮುರಿಯಲೆಂದೇ ಮೆತ್ತಗೆ ಮಾಡಿದ ಭಾಗ, ಫ್ರೇಮ್ ಉಳಿಯಲಿ ಅಂತ. ನಾನೇನೂ ಗಾಬರಿಯಾಗಲಿಲ್ಲ, ಬ್ಯಾಗಿನಲ್ಲಿ ಇನ್ನೊಂದು ಇತ್ತು. ತೆಗೆದು ಹಿಡಿದರೆ ತೂತು ಕೂಡುತ್ತಿಲ್ಲ. ಅದು ಮಾರಿಬಿಟ್ಟ ಹಳೇ ಸೈಕಲಿನದು.

“ನೀನು ಇಂಜಿನಿಯರು ಅಲ್ವೇನೋ?” ಅಂದರು ಭಾವ.

ಡಿರೇಲರ್ ಬಿಚ್ಚಿ ಬ್ಯಾಗಿಗೆ ಹಾಕಿದೆ. ಚೈನ್ ಕತ್ತರಿಸಿ ಗಿಡ್ಡ ಮಾಡಿ, ಮುಂದಿನ ಹಲ್ಲುಚಕ್ರಕ್ಕೆ ನೇರವಾಗಿ ಬರುವ ಹಿಂದಿನ ಹಲ್ಲುಚಕ್ರವೊಂದನ್ನು ಆರಿಸಿ, ಚೈನು ಬೆಸೆಯುವ ಕ್ವಿಕ್ ಲಿಂಕ್ ಹಾಕಿ ಜೋಡಿಸಿದೆ. ಹತ್ತು ನಿಮಿಷದ ಕೆಲಸ. ಆದರೆ ನೂರು ಮೀಟರ್ ತುಳಿಯುವಷ್ಟರಲ್ಲಿ ಚೈನು ತಾನಾಗಿ ಪಕ್ಕದ ದೊಡ್ಡ ಹಲ್ಲಿಗೆ ಹತ್ತಿ, ವೀಣೆಯ ತಂತಿಯ ಹಾಗೆ ಬಿಗಿದುಕೊಂಡಿತು. ಬಿಚ್ಚಿ, ಇನ್ನೊಂದು ಕೊಂಡಿ ಸೇರಿಸಿ ಜೋಡಿಸಿದರೆ ಸಡಿಲವಾಗಿ ಕೆಳಗೆ ಬೀಳುತ್ತದೆ. ಮೂರನೇ ಸಲ ಒಂದು ಹಲ್ಲುಚಕ್ರ ಬದಲಿಸಿದ ಮೇಲೆ ಕೂತಿತು. ಒಂದೇ ಗೇರಿನಲ್ಲಿ ಸಪಾಟು ಇದ್ದಲ್ಲಿ ತುಳಿದು, ಏರು ಬಂದಲ್ಲಿ ತಳ್ಳಿ, ಕತ್ತಲಾದ ಮೇಲೆ ಸೆತೋಂ ಕೆರೆಗೆ ಮುಟ್ಟಿದೆವು. ಅಲ್ಲಿನ ತಂಗುಮನೆಗೆ ‘ಝೀತ್’ ಅನ್ನುತ್ತಾರೆ. ನಮ್ಮ ಜೀತಕ್ಕೂ ಅದಕ್ಕೂ ಸಂಬಂಧವಿಲ್ಲ, ಆ ರಾತ್ರಿ ಮಾತ್ರ ನನಗೆ ಇದೆ ಅನ್ನಿಸಿತು.

ಮರುದಿನ ಅಕ್ಟೋಬರಿನ ಕೊನೆಯ ಭಾನುವಾರ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿತ್ತು. ಸಂಜೆ ಐದೂವರೆ ದಾಟುತ್ತಿದ್ದಂತೆ ಕತ್ತಲು. ಒಂದೇ ಗೇರಿನಲ್ಲಿ ಓ-ಫೋಲಾಂ ಹತ್ತುವ ಮಾತೇ ಇಲ್ಲ. ಸೈಕಲ್ ಅಂಗಡಿಗಳೂ ಬಂದ್. ಭಾವ ಒಬ್ಬರೇ ಮುಂದೆ ಹೋದರು: ಶಾತೋ-ಶಿನೋಂ, ಆಮೇಲೆ ಗಾಲ್ ಜನರ ಪುರಾತನ ಪಟ್ಟಣ ಬಿಬ್ರಾಕ್ತ್ ಇದ್ದ ಬ್ಯೊವ್ರೇ ಗುಡ್ಡ, ಕೊನೆಗೆ ಓತಂ.

ನಾನು ಕೆರೆ ಸುತ್ತಿದೆ. ದಂಡೆಯ ದಾರಿ ಬಹುಪಾಲು ಸಮತಟ್ಟು, ಮುರುಕು ಸೈಕಲಿಗೆ ಹೇಳಿ ಮಾಡಿಸಿದ್ದು. ಅಣೆಕಟ್ಟಿನ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದೆ. 1854ರಿಂದ 1858ರವರೆಗೆ ಇದನ್ನು ಕಟ್ಟಿದ್ದು ಸೌದೆ ತೇಲಿಸುವ ನೀರಿಗಾಗಿ. ಕಟ್ಟಿ ಮುಗಿಸುವ ಹೊತ್ತಿಗೆ ಪ್ಯಾರಿಸ್ಸಿನವರು ಕಲ್ಲಿದ್ದಲಿಗೆ ತಿರುಗಿದ್ದರು, ವ್ಯಾಪಾರ ಇಳಿಮುಖವಾಗಿತ್ತು. ಈಗ ಅದರಲ್ಲಿ ಹಾಯಿದೋಣಿ ಬಿಡುತ್ತಾರೆ. ಕೆಳಗೆ ಕ್ಯೂರ್ ನದಿ ತೆಳ್ಳಗೆ ಹರಿಯುತ್ತಿತ್ತು. ಮುಂದೊಂದು ದಿನ ಅದೇ ನೀರು ನಮ್ಮ ಮನೆಯ ಹತ್ತಿರದ ಸೇತುವೆಯಡಿ ಹೋಗುತ್ತದೆ.

ಸೋಮವಾರ ಝೀತ್‌ನ ಯಜಮಾನಿ ತಮ್ಮ ವ್ಯಾನಿನಲ್ಲಿ ನನ್ನನ್ನೂ ಸೈಕಲನ್ನೂ ಪೇಟೆಗೆ ಬಿಟ್ಟುಕೊಟ್ಟರು. ಸಂಜೆ ಭಾವನಿಂದ ಬ್ಯೊವ್ರೇ ತುದಿಯ ಫೋಟೋ ಬಂತು, ಮಂಜಿನಲ್ಲಿ ಸೊಟ್ಟ ಸೊಟ್ಟ ಬೀಚ್ ಮರಗಳು. ಕೆಳಗೆ ಒಂದೇ ಸಾಲು: “ಎಂಟು ಹೊಳೆ ದಾಟಿದೆ.”

ಉಳಿದರ್ಧಕ್ಕೆ ಮೇ ತಿಂಗಳಲ್ಲಿ ರಜೆ ಹಾಕಿದ್ದೇನೆ. ಲೋಹದ ಪ್ಯಾಡು ಬಂದಿದೆ. ಹ್ಯಾಂಗರ್ ಎರಡು ತರಿಸಿದ್ದೇನೆ, ಎರಡನ್ನೂ ಫ್ರೇಮಿಗೆ ಸ್ಕ್ರೂ ಹಾಕಿ ಕೂಡಿಸಿ ನೋಡಿ, ಬಿಚ್ಚಿ, ಬ್ಯಾಗಿಗೆ ಹಾಕಿದ್ದಾಗಿದೆ.